ಪೆಟಲ್‌ವರ್ಟ್ ಎಂಬ ಕಿರುಸಸ್ಯವೂ ಅದರ ಸಂರಕ್ಷಣೆಯೂ

ಮುಂಗಾರು ಮಳೆಯು ಹಿಡಿದು ಎರಡು ವಾರಗಳು ಕಳೆಯುವುದರೊಳಗಾಗಿ ನಮ್ಮ ನಾಡಿನ ಬಾವಿಕಟ್ಟೆಗಳ ಮೇಲೂ, ಹಳೆಯ ಗೋಡೆಗಳ ಬುಡದಲ್ಲಿಯೂ, ಹೆಂಚಿನ ಮಾಡಿನಿಂದ ನೀರು ತೊಟ್ಟಿಕ್ಕುವ ಎಡೆಗಳಲ್ಲಿಯೂ ಹಸುರಾದ ಒಂದು ಹೊದಿಕೆಯು ಹಬ್ಬುವುದನ್ನು ಎಲ್ಲರೂ ಬಲ್ಲರು. ಮನೆಯ ಹಿರಿಯರು ಅದನ್ನು ಪಾಚಿಯೆಂದೂ ಹಾವಸೆಯೆಂದೂ ಕರೆದು, ಮಕ್ಕಳು ಜಾರಿ ಬಿದ್ದಾರೆಂಬ ಭಯದಿಂದ ಕೆರೆದು ತೆಗೆಯಿಸುವರು. ಆದರೆ ಪಾಚಿಯೆಂಬ ಈ ಒಂದೇ ಹೆಸರಿನ ಕೆಳಗೆ ಒಂದಕ್ಕೊಂದು ಬಹು ಭಿನ್ನವಾದ ಹಲವು ಸಸ್ಯವರ್ಗಗಳು ಅಡಗಿರುತ್ತವೆ. ಅವುಗಳಲ್ಲಿ ಒಂದಕ್ಕೆ ಲಿವರ್‌ವರ್ಟ್ ಎಂದು ಹೆಸರು. ಜೀವಶಾಸ್ತ್ರದ ತರಗತಿಯಲ್ಲಿ ರಿಕ್ಸಿಯ, ಮಾರ್ಕಾಂಶಿಯ ಎಂಬವುಗಳ ಚಿತ್ರಗಳನ್ನು ಬರೆದು ಗುರುತು ಹಾಕಿದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಹೆಸರು ಹೊಸದಾಗಿರಲಾರದು.

ಆ ವರ್ಗಕ್ಕೆ ಸೇರಿದ ಪೆಟಲ್‌ವರ್ಟ್ ಎಂಬ ಅಪೂರ್ವವಾದ ಒಂದು ಸಸ್ಯದ ವೃತ್ತಾಂತವನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ. ಅದು ನಮ್ಮ ದೇಶದ್ದಲ್ಲ. ಬ್ರಿಟನ್, ಐರ್ಲೆಂಡ್ ಮೊದಲಾದ ದೇಶಗಳ ಕಡಲ ಕರೆಯಲ್ಲಿ ಬೆಳೆಯತಕ್ಕದ್ದು. ದೂರದೇಶದ, ಬೆರಳುಗುರಿನಷ್ಟೇ ಅಗಲವಾದ ಸಸ್ಯದ ಮಾತು ನಮಗೇಕೆಂದು ಯಾರಾದರೂ ಕೇಳಬಹುದು. ಒಂದು ಜೀವವನ್ನು ಕಾಪಾಡುವುದು ಹೇಗೆಂಬ ಪ್ರಶ್ನೆಗೆ ಈ ಸಸ್ಯವು ಕೊಡುವ ಉತ್ತರವು ನಾವು ಸಾಮಾನ್ಯವಾಗಿ ಎಣಿಸಿಕೊಂಡಿರುವುದಕ್ಕಿಂತ ಬೇರೆಯಾಗಿದೆ. ಮಕ್ಕಳನ್ನು ಸಾಕಿ ಬೆಳೆಸುವ ತಾಯಿತಂದೆಗಳಿಗೂ ಆ ಉತ್ತರವು ಉಪಯುಕ್ತವಾದೀತೆಂದು ನಂಬಿದ್ದೇವೆ.

ಲಿವರ್‌ವರ್ಟ್ ಎಂದರೇನು?

ಲಿವರ್ ಎಂದರೆ ಯಕೃತ್ತು, ಆಡುಮಾತಿನಲ್ಲಿ ಈಲಿ. ವರ್ಟ್ ಎಂಬುದು ಗಿಡವೆಂಬ ಅರ್ಥದ ಹಳೆಯ ಇಂಗ್ಲಿಷ್ ಶಬ್ದ. ಈ ವರ್ಗದ ಕೆಲವು ಸಸ್ಯಗಳ ಮೈಯು ಯಕೃತ್ತಿನ ಹಾಲೆಗಳಂತೆ ಕವಲೊಡೆದು ಚಪ್ಪಟೆಯಾಗಿರುತ್ತದೆ. ಯಾವ ಸಸ್ಯವು ಯಾವ ಅಂಗವನ್ನು ಹೋಲುವುದೋ ಆ ಅಂಗದ ರೋಗಕ್ಕೆ ಅದು ಔಷಧವಾಗಿರಬೇಕೆಂದು ಯೂರೋಪಿನ ಮಧ್ಯಯುಗದ ವೈದ್ಯರು ನಂಬಿದ್ದರು. ಆ ನಂಬಿಕೆಯಿಂದಲೇ ಈ ಹೆಸರು ಬಂದಿತು. ಕಾಲಕ್ರಮದಲ್ಲಿ ನಂಬಿಕೆಯು ಅಳಿಯಿತು, ಹೆಸರು ಮಾತ್ರ ಉಳಿಯಿತು.

ಈ ಸಸ್ಯಗಳಿಗೆ ಹೂವಿಲ್ಲ, ಕಾಯಿಯಿಲ್ಲ, ಬೀಜವಿಲ್ಲ. ನೀರನ್ನು ಹೀರತಕ್ಕ ನಿಜವಾದ ಬೇರುಗಳೂ ಇಲ್ಲ. ನೆಲವನ್ನು ಹಿಡಿದುಕೊಳ್ಳಲು ಕೂದಲಿನಂತಹ ಸೂಕ್ಷ್ಮವಾದ ಎಳೆಗಳುಂಟು. ಮಾವಿನ ಮರವಾಗಲಿ ರಾಗಿಯ ಪೈರಾಗಲಿ ನೆಲದ ಆಳದಿಂದ ನೀರನ್ನು ಎತ್ತಿಕೊಂಡು ನಾಳಗಳ ಮೂಲಕ ಎಲೆಗಳಿಗೆ ಮುಟ್ಟಿಸುವುದು. ಲಿವರ್‌ವರ್ಟಿಗೆ ಅಂತಹ ನಾಳಗಳಿಲ್ಲದ ಕಾರಣ ಮಳೆಯನ್ನೂ ಮಂಜನ್ನೂ ಮೈಯೆಲ್ಲದರಿಂದ ಕುಡಿಯಬೇಕು. ಆದುದರಿಂದಲೇ ಗಾಳಿಯಲ್ಲಿಯೂ ನೀರಿನಲ್ಲಿಯೂ ಸೇರುವ ಕೆಡುಕು ಈ ಸಸ್ಯಗಳಿಗೆ ಬೇಗನೆ ತಗಲುತ್ತದೆ. ಇವುಗಳ ಸಂತಾನವೃದ್ಧಿಗೂ ನೀರು ಬೇಕು. ಗಂಡು ಕಣವು ತೆಳುವಾದ ನೀರಿನ ಪೊರೆಯಲ್ಲಿ ಈಜಿಕೊಂಡು ಹೋಗಿ ಹೆಣ್ಣು ಕಣವನ್ನು ಸೇರಬೇಕು. ಅನಂತರ ಪುಟ್ಟದೊಂದು ಕೋಶವು ಬೆಳೆದು, ಒಡೆದು, ಅದರೊಳಗಿನ ಧೂಳಿನಂತಹ ಬೀಜಕಗಳು ಹೊರಗೆ ಚೆಲ್ಲುವವು. ಬೀಜವು ಮಾಡುವ ಕೆಲಸವನ್ನು ಇಲ್ಲಿ ಈ ಬೀಜಕಗಳು ಮಾಡುತ್ತವೆ.

ಪ್ರಪಂಚದಲ್ಲಿ ಲಿವರ್‌ವರ್ಟಿನ ಸುಮಾರು 7000 ಜಾತಿಗಳಿವೆ. ಸುಮಾರು 47 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳಲ್ಲಿ ಇಂತಹ ಸಸ್ಯಗಳವೆಂದು ತೋರುವ ಬೀಜಕಗಳು ದೊರೆತಿವೆ. ಹಕ್ಕಿಗಳೂ ಹೂಗಳೂ ಹುಟ್ಟುವುದಕ್ಕೆ ಬಹು ಮೊದಲೇ ಬರಿಯ ಬಂಡೆನೆಲವನ್ನು ಹಸುರಾಗಿಸಿದವು ಇಂತಹ ಕಿರಿಯ ಸಸ್ಯಗಳೇ. ಇಂದಿಗೂ ಕುಸಿದ ದರೆಯ ಮೇಲೆ, ಹೊಸದಾಗಿ ಕಡಿದ ಮಣ್ಣಿನ ಮೇಲೆ ಮೊದಲು ಬಂದು ಮಣ್ಣನ್ನು ಕಟ್ಟಿ ಹಿಡಿಯುವ ಸಸ್ಯಗಳಲ್ಲಿ ಇವೂ ಸೇರಿವೆ. ಸೃಷ್ಟಿಕರ್ತನು ದೊಡ್ಡ ಕೆಲಸಗಳನ್ನು ಎಷ್ಟು ಸಣ್ಣವರ ಕೈಯಲ್ಲಿ ಒಪ್ಪಿಸಿರುವನೆಂಬುದಕ್ಕೆ ಇದೊಂದು ನಿದರ್ಶನ.

ಪೆಟಲ್‌ವರ್ಟಿನ ರೂಪ, ಹೆಸರು, ಜೀವನಕ್ರಮ

ಪೆಟಲ್‌ವರ್ಟಿನ ಶಾಸ್ತ್ರೀಯ ನಾಮವು ಪೆಟಲೋಫಿಲಮ್ ರಾಲ್ಫ್ಸೈ. ಪೂರ್ಣವಾಗಿ ಬೆಳೆದ ಒಂದು ಸಸ್ಯವು ಸುಮಾರು ಒಂದು ಸೆಂಟಿಮೀಟರಿನಷ್ಟು ಅಗಲವಾಗಿರುತ್ತದೆ. ನೆಲಕ್ಕೆ ಅಂಟಿಕೊಂಡಿರುವ ಚಪ್ಪಟೆಯ ಮೈಯ ಮೇಲೆ ತಿಳಿಹಸುರಿನ ತೆಳ್ಳನೆಯ ಪೊರೆಗಳು ನಡುವಿನಿಂದ ಅಂಚಿನ ಕಡೆಗೆ ಸಾಲುಸಾಲಾಗಿ ಎದ್ದು ನಿಂತಿರುತ್ತವೆ. ಸೀರೆಯ ನಿರಿಗೆಗಳನ್ನು ಒತ್ತಾಗಿ ಹಿಡಿದಂತೆ, ಅಥವಾ ಎಳೆಯ ಎಲೆಕೋಸಿನ ಸಸಿಯನ್ನು ಕಾಳಿನ ಗಾತ್ರಕ್ಕೆ ಕುಗ್ಗಿಸಿದಂತೆ, ಅದು ಕಾಣುವುದು. ನಿಂತು ನೋಡುವವರಿಗೆ ಅದು ಹಸುರು ಚುಕ್ಕೆಯಷ್ಟೇ. ಮಂಡಿಯೂರಿ ಭೂತಗನ್ನಡಿಯಲ್ಲಿ ನೋಡುವವರಿಗೆ ಮಾತ್ರ ಅದರ ಸೊಬಗು ತಿಳಿಯುತ್ತದೆ. ಅದರ ಗಂಡುಸಸ್ಯಗಳು ಬೇರೆ, ಹೆಣ್ಣುಸಸ್ಯಗಳು ಬೇರೆ.

ಹೆಸರಿನ ಮೊದಲ ಭಾಗವು ಎಸಳಿನಂತಹ ಎಲೆಯೆಂಬ ಅರ್ಥದ ಗ್ರೀಕ್ ಶಬ್ದಗಳಿಂದ ಬಂದಿದೆ. ಎರಡನೆಯ ಭಾಗವು ಜಾನ್ ರಾಲ್ಫ್ಸ್ ಎಂಬ ಸಸ್ಯಶಾಸ್ತ್ರಜ್ಞರ ಗೌರವಾರ್ಥವಾಗಿ ಇಟ್ಟದ್ದು. 1807ರಲ್ಲಿ ಹುಟ್ಟಿದ ಅವರು ಶಸ್ತ್ರವೈದ್ಯವೃತ್ತಿಗಾಗಿ ಓದಿದವರು. ದೇಹಾರೋಗ್ಯವು ಕೆಟ್ಟದ್ದರಿಂದ ಆ ವೃತ್ತಿಯನ್ನು ಬಿಟ್ಟು, ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲಿನ ಪೆನ್‌ಜಾನ್ಸ್ ಪಟ್ಟಣದಲ್ಲಿ ನೆಲಸಿ, ಯಾರೂ ಲಕ್ಷಿಸದ ಸೂಕ್ಷ್ಮಸಸ್ಯಗಳ ಅಧ್ಯಯನದಲ್ಲಿ ಉಳಿದ ಆಯುಸ್ಸನ್ನು ಸವೆಯಿಸಿದರು. ಸಿಹಿನೀರಿನ ಸೂಕ್ಷ್ಮ ಪಾಚಿಗಳನ್ನು ಕುರಿತು 1848ರಲ್ಲಿ ಅವರು ಪ್ರಕಟಿಸಿದ ಗ್ರಂಥವು ಬಹು ಪ್ರಸಿದ್ಧವಾಗಿದೆ. ಅವರು 1890ರಲ್ಲಿ ತೀರಿಕೊಂಡರು. ಈ ಲಿವರ್‌ವರ್ಟಿಗೆ ಅವರ ಹೆಸರನ್ನು ಇಟ್ಟವರು ವಿಲಿಯಮ್ ವಿಲ್ಸನ್ ಎಂಬ ಇನ್ನೊಬ್ಬ ಇಂಗ್ಲಿಷ್ ಪಾಚಿತಜ್ಞರು.

ಪೆಟಲ್‌ವರ್ಟಿನ ವರುಷವು ನಮ್ಮ ಗದ್ದೆಗಳ ವರುಷದಂತೆ ಮಳೆಯನ್ನು ಅನುಸರಿಸಿದೆ. ಆದರೆ ಅಲ್ಲಿ ತೇವವು ಹೆಚ್ಚುವುದು ಶರತ್ಕಾಲದಿಂದ. ಆಗ ಸಸ್ಯವು ಮರಳಿನ ಮೇಲೆ ಚಿಗುರಿ, ಚಳಿಗಾಲದಲ್ಲೆಲ್ಲ ಹಸುರಾಗಿದ್ದು, ವಸಂತದಲ್ಲಿ ಬೀಜಕಗಳನ್ನು ಚೆಲ್ಲುವುದು. ಬೇಸಗೆಯಲ್ಲಿ ಮರಳು ಒಣಗಿದೊಡನೆ ಮೇಲಿನ ಭಾಗವೆಲ್ಲ ಬಾಡಿ ಕಣ್ಮರೆಯಾಗುವುದು. ಆಗ ನೋಡುವವರು ಸಸ್ಯವು ಸತ್ತಿತೆಂದು ತಿಳಿದಾರು. ಆದರೆ ಗೆಡ್ಡೆಯಂತಹ ಭಾಗವೊಂದು ಮರಳಿನೊಳಗೆ ಜೀವವನ್ನು ಹಿಡಿದುಕೊಂಡಿದ್ದು, ಮತ್ತೆ ತೇವವಾದಾಗ ಚಿಗುರುತ್ತದೆ. ಬೇಸಗೆಯ ರಜೆಯಲ್ಲಿ ಹುಡುಕಿಕೊಂಡು ಹೋದವರಿಗೆ ಅದು ಕಾಣಸಿಗುವುದು ದುರ್ಲಭ.

ವಾಸಸ್ಥಾನ

ಈ ಸಸ್ಯವು ಎಲ್ಲೆಂದರಲ್ಲಿ ಬೆಳೆಯತಕ್ಕದ್ದಲ್ಲ. ಕಡಲ ಗಾಳಿಯು ದಡದ ಮರಳನ್ನು ಒಳನಾಡಿನ ಕಡೆಗೆ ತೂರಿ ದಿಬ್ಬಗಳನ್ನು ಕಟ್ಟುವುದು. ಅದೇ ಗಾಳಿಯು ಕೆಲವೆಡೆ ಮರಳನ್ನು ಬಗೆದು, ನೆಲದೊಳಗಿನ ನೀರಿನ ಮಟ್ಟದವರೆಗೆ ತಗ್ಗು ಮಾಡುವುದು. ಚಳಿಗಾಲದಲ್ಲಿ ಈ ತಗ್ಗುಗಳಲ್ಲಿ ನೀರು ನಿಲ್ಲುವುದೂ ಉಂಟು. ಚಿಪ್ಪುಗಳ ಚೂರುಗಳು ಬೆರೆತಿರುವುದರಿಂದ ಆ ಮರಳಿನಲ್ಲಿ ಸುಣ್ಣದ ಅಂಶವಿರುತ್ತದೆ. ಇಂತಹ ತೇವವಾದ, ಸುಣ್ಣವುಳ್ಳ, ಹುಲ್ಲು ಒತ್ತಾಗಿ ಬೆಳೆಯದ, ಬಿಸಿಲು ಬೀಳುವ ತಗ್ಗುನೆಲವೇ ಪೆಟಲ್‌ವರ್ಟಿನ ಮನೆ. ಸದಾ ಹಾರಾಡುವ ಮರಳಿನಲ್ಲಿ ಅದು ನಿಲ್ಲಲಾರದು. ಹುಲ್ಲು ಮೊಣಕಾಲೆತ್ತರ ಬೆಳೆದ ಕಡೆಯಲ್ಲಿ ಬದುಕಲಾರದು. ಇವೆರಡರ ನಡುವಣ ಅವಸ್ಥೆಯಲ್ಲಿರುವ ನೆಲವು ಅದಕ್ಕೆ ಬೇಕು.

ಆ ನಡುವಣ ಅವಸ್ಥೆಯು ಯಾವ ಎಡೆಯಲ್ಲಿಯೂ ಬಹುಕಾಲ ನಿಲ್ಲುವಂತಹದಲ್ಲ. ವರ್ಷಗಳು ಕಳೆದಂತೆ ತಗ್ಗಿನಲ್ಲಿ ಹುಲ್ಲು ದಟ್ಟವಾಗಿ, ಪೊದೆಗಳೆದ್ದು, ನೆರಳು ಕವಿಯುವುದು. ಅಷ್ಟರೊಳಗೆ ಗಾಳಿಯು ಬೇರೊಂದು ಕಡೆಯಲ್ಲಿ ಹೊಸ ತಗ್ಗನ್ನು ತೆರೆದರೆ ಬೀಜಕಗಳು ಅಲ್ಲಿ ನೆಲೆಯೂರಿಯಾವು. ಐರ್ಲೆಂಡಿನ ಡಬ್ಲಿನ್ ನಗರದ ಎದುರಿಗಿರುವ ಬುಲ್ ದ್ವೀಪವು ಇದಕ್ಕೆ ಒಳ್ಳೆಯ ಉದಾಹರಣೆ. ಹಡಗುಗಳ ದಾರಿಯನ್ನು ಕಾಪಾಡುವುದಕ್ಕಾಗಿ ಅಲ್ಲಿ ಒಂದು ದೊಡ್ಡ ಗೋಡೆಯನ್ನು ಕಟ್ಟಿ 1825ರಲ್ಲಿ ಮುಗಿಸಿದರು. ಆ ಗೋಡೆಯ ಆಸರೆಯಲ್ಲಿ ಮರಳು ಶೇಖರವಾಗುತ್ತ ಬಂದು ಒಂದು ದ್ವೀಪವೇ ಬೆಳೆಯಿತು. ಎರಡು ಶತಮಾನಗಳ ಹಿಂದೆ ಇಲ್ಲದೆ ಇದ್ದ ಆ ನೆಲದಲ್ಲಿ ಈಗ ಪೆಟಲ್‌ವರ್ಟ್ ಇದೆ.

ಬ್ರಿಟನ್ನಿನಲ್ಲಿ ಇದು ವೇಲ್ಸಿನ ನ್ಯೂಬರೊ ವಾರೆನ್ ಮತ್ತು ಕೆನ್‌ಫಿಗ್, ಇಂಗ್ಲೆಂಡಿನ ಡೆವನ್ ಪ್ರಾಂತದ ಬ್ರಾಂಟನ್ ಬರೋಸ್, ಕಾರ್ನ್‌ವಾಲಿನ ಪೆನ್‌ಹೇಲ್, ಲಿವರ್‌ಪೂಲಿನ ಉತ್ತರಕ್ಕಿರುವ ಸೆಫ್ಟನ್ ತೀರ ಮುಂತಾದ ಮರಳುದಿಬ್ಬಗಳಲ್ಲಿ ಬೆಳೆಯುತ್ತದೆ. ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಮುಖ್ಯವಾಗಿ ಗಾಲ್ವೇ ಪ್ರಾಂತದ ಸ್ಲೈನ್ ಹೆಡ್ ಎಂಬಲ್ಲಿ, ದನಕುರಿಗಳು ಮೇಯುವ ಮರಳುಗಾವಲುಗಳಲ್ಲಿ ಅದು ಲಕ್ಷಗಟ್ಟಲೆಯಾಗಿದೆ. ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ದೇಶಗಳ ತೀರಗಳಲ್ಲಿಯೂ ಮೆಡಿಟರೇನಿಯನ್ ಸಮುದ್ರದ ಸುತ್ತಣ ಕೆಲವು ನಾಡುಗಳಲ್ಲಿಯೂ ಅಲ್ಲಲ್ಲಿ ಇರುವುದು. ಅಮೆರಿಕದಲ್ಲಿಯೂ ಇದೇ ಸಸ್ಯವುಂಟೆಂದು ಹಿಂದೆ ಎಣಿಸಿದ್ದರು. ಅದು ಬೇರೊಂದು ಜಾತಿಯೆಂದು ಅನಂತರ ನಿರ್ಣಯವಾಯಿತು.

ಅವನತಿಗೆ ಕಾರಣಗಳು

ಮೊದಲನೆಯ ಕಾರಣವು ಸುಲಭವಾಗಿ ಊಹಿಸತಕ್ಕದ್ದು. ಕಡಲ ದಡದ ಮರಳುನೆಲವು ಗಾಲ್ಫ್ ಮೈದಾನಗಳಿಗೂ ವಿಹಾರಗೃಹಗಳಿಗೂ ಪಟ್ಟಣಗಳ ವಿಸ್ತಾರಕ್ಕೂ ಬಲಿಯಾಯಿತು. ಆದರೆ ಉಳಿದ ನೆಲದಲ್ಲಿಯೂ, ಯಾರೂ ಮನೆ ಕಟ್ಟದೆ ಇದ್ದ ಕಡೆಯಲ್ಲಿಯೂ, ಈ ಸಸ್ಯಕ್ಕೆ ತಕ್ಕ ಎಡೆಯು ಕಡಮೆಯಾಗುತ್ತ ಬಂದಿತು. ಹೀಗಾದ ಬಗೆಯನ್ನು ತಿಳಿಯಲು ನ್ಯೂಬರೊ ವಾರೆನ್ ಎಂಬ ಒಂದೇ ಸ್ಥಳದ ಚರಿತ್ರೆಯನ್ನು ನೋಡಿದರೆ ಸಾಕು.

ನ್ಯೂಬರೊ ಎಂಬುದು ವೇಲ್ಸಿನ ಆಂಗಲ್ಸೀ ದ್ವೀಪದಲ್ಲಿರುವ ಊರು. 14ನೆಯ ಶತಮಾನದಲ್ಲಿ ಬಿರುಗಾಳಿಗಳು ಆ ಊರಿನ ಒಳ್ಳೆಯ ಹೊಲಗಳ ಮೇಲೆ ಮರಳನ್ನು ಸುರಿದು ಮುಚ್ಚಿಬಿಟ್ಟವು. ಅಂದಿನಿಂದ ಅಲ್ಲಿನ ಜನರಿಗೆ ಹಾರುವ ಮರಳೆಂದರೆ ಶತ್ರುವೇ. ಮರಳನ್ನು ಬಿಗಿಹಿಡಿಯುವ ಮ್ಯಾರಮ್ ಎಂಬ ಹುಲ್ಲನ್ನು ಕೀಳಬಾರದೆಂದು ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಕಟ್ಟಳೆಯಾಯಿತು. ಆದರೂ ಆ ಹುಲ್ಲಿನಿಂದ ಚಾಪೆಗಳನ್ನೂ ಹಗ್ಗಗಳನ್ನೂ ಹೆಣೆಯುವುದು ಅಲ್ಲಿನ ಬಡಹೆಂಗಸರ ಕಸುಬಾಗಿ 20ನೆಯ ಶತಮಾನದ ಆರಂಭದವರೆಗೂ ನಡೆಯಿತು. 1947ರಿಂದ ಸರ್ಕಾರದವರು ದಿಬ್ಬಗಳ ಒಂದು ದೊಡ್ಡ ಭಾಗದಲ್ಲಿ ಪೈನ್ ಮರಗಳನ್ನು ನೆಟ್ಟು ಮರಳಿನ ಓಟವನ್ನು ನಿಲ್ಲಿಸಿದರು. ನಮ್ಮ ಕಾರವಾರದ ಕಡೆಯ ತೀರದಲ್ಲಿ ಗಾಳಿಮರಗಳ ತೋಪುಗಳನ್ನು ಕಂಡವರಿಗೆ ಈ ಉಪಾಯವು ಸುಲಭವಾಗಿ ಅರ್ಥವಾದೀತು. ಹೊಲಮನೆಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಮಾಡಿದ ಈ ಕೆಲಸವನ್ನು ತಪ್ಪೆಂದು ಹೇಳುವಂತಿಲ್ಲ. ಆದರೆ ಮರಳು ನಿಂತೊಡನೆ ಹೊಸ ತಗ್ಗುಗಳು ಹುಟ್ಟುವುದೂ ನಿಂತಿತು.

ಇಷ್ಟರಲ್ಲಿ ಎರಡನೆಯ ವಿಪತ್ತು ಬಂದಿತು. ವಾರೆನ್ ಎಂದರೆ ಮೊಲಗಳ ಬಿಲಗಳಿರುವ ಬಯಲು. ಮಧ್ಯಯುಗದಲ್ಲಿ ನಾರ್ಮನ್ನರು ಮಾಂಸಕ್ಕಾಗಿಯೂ ತುಪ್ಪುಳಕ್ಕಾಗಿಯೂ ಬ್ರಿಟನ್ನಿಗೆ ತಂದ ಮೊಲಗಳು ಇಂತಹ ಮರಳುಬಯಲುಗಳಲ್ಲಿ ಹೇರಳವಾಗಿ ಹೆಚ್ಚಿದ್ದವು. ಅವು ಹಗಲಿರುಳು ಹುಲ್ಲನ್ನು ಮೇಯ್ದು, ನೆಲವನ್ನು ಕೆರೆದು, ಹುಲ್ಲು ಎದ್ದು ನಿಲ್ಲದಂತೆ ಮಾಡುತ್ತಿದ್ದುವು. 1952ರಲ್ಲಿ ಫ್ರಾನ್ಸ್ ದೇಶದ ವೈದ್ಯರೊಬ್ಬರು ತಮ್ಮ ತೋಟದ ಮೊಲಗಳ ಕಾಟವನ್ನು ನಿವಾರಿಸುವುದಕ್ಕಾಗಿ ಮಿಕ್ಸೊಮಟೋಸಿಸ್ ಎಂಬ ರೋಗವನ್ನು ಎರಡು ಮೊಲಗಳಿಗೆ ಅಂಟಿಸಿ ಬಿಟ್ಟರು. ತೋಟದ ಗೋಡೆಯು ರೋಗವನ್ನು ತಡೆಯಲಿಲ್ಲ. ಅದು ಯೂರೋಪಿನಲ್ಲೆಲ್ಲ ಹರಡಿ 1953ರಲ್ಲಿ ಇಂಗ್ಲೆಂಡನ್ನು ಮುಟ್ಟಿತು. 1955ರ ಹೊತ್ತಿಗೆ ಬ್ರಿಟನ್ನಿನ ಮೊಲಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಸತ್ತುಹೋದವು. ಮೇಯುವ ಬಾಯಿಗಳು ಇಲ್ಲವಾಗಲು ದಿಬ್ಬಗಳ ಮೇಲೆ ಹುಲ್ಲೂ ಪೊದೆಯೂ ತಡೆಯಿಲ್ಲದೆ ಬೆಳೆದವು.

ಮೂರನೆಯ ಕಾರಣವು ಕಣ್ಣಿಗೆ ಕಾಣದ್ದು. ಮೋಟಾರು ವಾಹನಗಳ ಹೊಗೆಯಿಂದಲೂ, ಹೊಲಗಳ ರಾಸಾಯನಿಕ ಗೊಬ್ಬರದಿಂದಲೂ, ದನಗಳ ಸೆಗಣಿಗಂಜಲಗಳಿಂದಲೂ ಸಾರಜನಕದ ಅಂಶವು ಗಾಳಿಗೆ ಸೇರಿ ಮಳೆಯೊಡನೆ ಮರಳಿಗೆ ಇಳಿಯುತ್ತದೆ. ಸಾರವಿಲ್ಲದ ಮರಳಿಗೆ ಅದು ಗೊಬ್ಬರವಾಗಿ ಪರಿಣಮಿಸಿ, ಎತ್ತರದ ಹುಲ್ಲುಗಳಿಗೆ ಬಲವನ್ನು ಕೊಡುತ್ತದೆ. ಬಡತನದಲ್ಲಿ ಮಾತ್ರ ಬದುಕತಕ್ಕ ಸಣ್ಣ ಸಸ್ಯಗಳು ಆ ಸಮೃದ್ಧಿಯಲ್ಲಿ ಉಸಿರುಗಟ್ಟುವವು.

ಈ ಮೂರೂ ಕಾರಣಗಳು ಕೂಡಿದ ಫಲವನ್ನು ನ್ಯೂಬರೊವಿನಲ್ಲಿ ಅಳೆದು ನೋಡಿದ್ದಾರೆ. 1950ರ ಸುಮಾರಿಗೆ ಅಲ್ಲಿನ ದಿಬ್ಬಪ್ರದೇಶದ ಹೆಚ್ಚುಕಡಮೆ ಮುಕ್ಕಾಲು ಪಾಲು ತೆರೆದ ಮರಳಾಗಿತ್ತು. 1990ರ ಹೊತ್ತಿಗೆ ಅದು ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆಯಾಯಿತು. ಈ ನಾಲ್ವತ್ತು ವರ್ಷಗಳಲ್ಲಿ ಹೆಚ್ಚಿನ ಅವಧಿಯು ಆ ಸ್ಥಳವು ಸಂರಕ್ಷಿತ ಪ್ರದೇಶವಾಗಿದ್ದ ಕಾಲವೇ ಎಂಬುದನ್ನು ವಾಚಕರು ಗಮನಿಸಬೇಕು. ನ್ಯೂಬರೊ ವಾರೆನ್ನನ್ನು 1955ರಲ್ಲಿಯೇ ರಾಷ್ಟ್ರೀಯ ನಿಸರ್ಗಧಾಮವೆಂದು ಸಾರಿದ್ದರು. ನೆಲವನ್ನು ಯಾರೂ ಕಸಿದುಕೊಳ್ಳಲಿಲ್ಲ, ಯಾರೂ ಹಾಳುಮಾಡಲಿಲ್ಲ; ಹುಲ್ಲು ಬೆಳೆಯಿತು, ಅಷ್ಟೇ.

ಕಾನೂನಿನ ರಕ್ಷಣೆ

ಕಾನೂನಿನ ದೃಷ್ಟಿಯಲ್ಲಿ ಪೆಟಲ್‌ವರ್ಟಿಗೆ ದೊರೆತಿರುವ ಮರ್ಯಾದೆಯು ಸಾಮಾನ್ಯವಾದುದಲ್ಲ. ಯೂರೋಪಿನ ವನ್ಯಜೀವಿಗಳ ರಕ್ಷಣೆಗಾಗಿ 1979ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದ ಒಡಂಬಡಿಕೆಯ ಮೊದಲನೆಯ ಅನುಬಂಧದಲ್ಲಿ ಅದರ ಹೆಸರುಂಟು. ಬ್ರಿಟನ್ನಿನ 1981ರ ವನ್ಯಜೀವಿ ಕಾನೂನಿನ ಎಂಟನೆಯ ಅನುಬಂಧದಲ್ಲಿಯೂ ಅದು ಸೇರಿದೆ. ಅದನ್ನು ಬೇಕೆಂದು ಕೀಳುವುದೂ ನಾಶಮಾಡುವುದೂ ಮಾರುವುದೂ ಅಪರಾಧ. ಯೂರೋಪಿಯನ್ ಸಮುದಾಯವು 1992ರಲ್ಲಿ ಹೊರಡಿಸಿದ ಆವಾಸಸ್ಥಾನಗಳ ನಿರ್ದೇಶದ ಪ್ರಕಾರ, ಈ ಸಸ್ಯವಿರುವ ಮುಖ್ಯ ಸ್ಥಳಗಳನ್ನು ವಿಶೇಷ ಸಂರಕ್ಷಣಾ ಪ್ರದೇಶಗಳನ್ನಾಗಿ ಕಾಯ್ದಿರಿಸಬೇಕು. ಬ್ರಿಟನ್ ಆ ಒಕ್ಕೂಟದಿಂದ ಹೊರಬಂದ ಮೇಲೂ ಅಂತಹ ಸ್ಥಳಗಳ ರಕ್ಷಣೆಯನ್ನು ತನ್ನ ಸ್ವಂತ ನಿಯಮಗಳಲ್ಲಿ ಉಳಿಸಿಕೊಂಡಿದೆ. ಐರ್ಲೆಂಡಿನಲ್ಲಿಯೂ ಸಸ್ಯಸಂರಕ್ಷಣೆಯ ಆಜ್ಞೆಯೊಂದು ಇದನ್ನು ಕಾಪಾಡುತ್ತಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಸುವುದು ಅವಶ್ಯಕ. ಅಪೂರ್ವವಾಗಿರುವುದು ಬೇರೆ, ಅಪಾಯದಲ್ಲಿರುವುದು ಬೇರೆ, ಕಾನೂನಿನ ರಕ್ಷಣೆಯನ್ನು ಪಡೆದಿರುವುದು ಬೇರೆ. ಕೆಲವೇ ಎಡೆಗಳಲ್ಲಿ ಇದ್ದರೂ ಅಲ್ಲಿ ನೆಮ್ಮದಿಯಾಗಿರುವ ಸಸ್ಯವು ಅಪೂರ್ವವಾದರೂ ಸದ್ಯದ ಅಪಾಯದಲ್ಲಿಲ್ಲ. ಅನೇಕ ಕಡೆಗಳಲ್ಲಿದ್ದು ವೇಗವಾಗಿ ಕ್ಷಯಿಸುತ್ತಿರುವ ಸಸ್ಯವು ಅಪೂರ್ವವಲ್ಲದಿದ್ದರೂ ಅಪಾಯದಲ್ಲಿದೆ. ಐರ್ಲೆಂಡಿನ ಅಪೂರ್ವ ಪಾಚಿಗಳನ್ನು ಕುರಿತು 2012ರಲ್ಲಿ ಹೊರಬಂದ ಗ್ರಂಥದಲ್ಲಿ ಪೆಟಲ್‌ವರ್ಟನ್ನು ಸದ್ಯಕ್ಕೆ ಅಪಾಯವಿಲ್ಲದ ವರ್ಗದಲ್ಲಿಯೇ ಇಟ್ಟಿದ್ದಾರೆ. ಅಲ್ಲಿ ಅದರ ಸಂಖ್ಯೆಯು ದೊಡ್ಡದು, ದನಕುರಿಗಳ ಮೇವು ನಿಂತಿಲ್ಲ. ಹಾಗೆಂದು ರಕ್ಷಣೆಯನ್ನು ಸಡಿಲಿಸಲಿಲ್ಲ. ಮೇವು ನಿಂತರೆ ಸ್ಥಿತಿಯು ಬೇಗನೆ ಬದಲಾಗುವುದೆಂಬುದನ್ನು ಅವರು ಬಲ್ಲರು. ಒಟ್ಟಾರೆ ಈ ಕಿರುಸಸ್ಯಗಳ ಸ್ಥಿತಿಯು ಚೆನ್ನಾಗಿಲ್ಲ. 2019ರಲ್ಲಿ ಪ್ರಕಟವಾದ ಯೂರೋಪಿನ ಕೆಂಪುಪಟ್ಟಿಯ ಪ್ರಕಾರ, ಆ ಖಂಡದ ಪಾಚಿ, ಲಿವರ್‌ವರ್ಟ್ ಮುಂತಾದ ಜಾತಿಗಳಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚಿನವು ಅಳಿವಿನ ಅಪಾಯದಲ್ಲಿವೆ.

ಕಾನೂನು ಕೀಳುವ ಕೈಯನ್ನು ದಂಡಿಸಬಲ್ಲದು. ಮೌನವಾಗಿ ಬೆಳೆದು ಸಸ್ಯವನ್ನು ಮುಚ್ಚುವ ಹುಲ್ಲನ್ನು ಯಾವ ನ್ಯಾಯಾಧಿಪತಿಯು ದಂಡಿಸಬಲ್ಲನು? ಆದುದರಿಂದ ಕಾನೂನಿನ ಜೊತೆಯಲ್ಲಿ ನೆಲದ ಮೇಲಿನ ಕೆಲಸವೂ ನಡೆಯಬೇಕಾಯಿತು.

ನೆಲದ ಮೇಲಿನ ರಕ್ಷಣೆ

ಒಂದು ಅಪೂರ್ವ ಸಸ್ಯವು ಸಿಕ್ಕಿತೆಂದರೆ ಸುತ್ತಲೂ ಬೇಲಿ ಹಾಕಿ, ಮನುಷ್ಯರನ್ನೂ ದನಗಳನ್ನೂ ದೂರವಿಡಬೇಕೆಂದು ಎಲ್ಲರಿಗೂ ಮೊದಲು ತೋಚುವುದು. ಪೆಟಲ್‌ವರ್ಟಿಗೆ ಅಂತಹ ಬೇಲಿಯು ಸಮಾಧಿಯ ಸುತ್ತಣ ಬೇಲಿಯಾದೀತು. ಒಳಗೆ ಹುಲ್ಲು ಬೆಳೆದು ಕೆಲವು ವರ್ಷಗಳಲ್ಲಿ ಅದು ಇಲ್ಲವಾಗುವುದು. ಈ ಸಸ್ಯವನ್ನು ಹುಡುಕುವವರು ದಿಬ್ಬಗಳ ನಡುವಣ ಕಾಲುದಾರಿಗಳ ಅಂಚನ್ನೂ, ಬಂಡಿಗಳು ಓಡಾಡಿದ ಜಾಡನ್ನೂ ಮೊದಲು ನೋಡುತ್ತಾರೆ. ಜನರು ನಡೆದು ನಡೆದು ಹುಲ್ಲು ಕುಗ್ಗಿ, ನೆಲವು ಸ್ವಲ್ಪ ಗಟ್ಟಿಯಾಗಿ ತೇವವನ್ನು ಹಿಡಿದಿರುವ ಕಡೆಯಲ್ಲಿ ಅದು ಅನೇಕ ವೇಳೆ ಚೆನ್ನಾಗಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943–44ರಲ್ಲಿ, ಬ್ರಾಂಟನ್ ಬರೋಸಿನ ದಿಬ್ಬಗಳಲ್ಲಿ ಅಮೆರಿಕದ ಸೈನ್ಯವು ಫ್ರಾನ್ಸಿನ ತೀರದ ಮೇಲಣ ದಾಳಿಗಾಗಿ ಕವಾಯತು ಮಾಡಿತು. ಸೈನಿಕರ ಕಾಲುಗಳೂ ಗಾಡಿಗಳೂ ಆ ಮರಳನ್ನು ಎಷ್ಟೋ ತುಳಿದವು. ಅಂತಹ ದಿಬ್ಬಗಳಲ್ಲಿಯೂ ಪೆಟಲ್‌ವರ್ಟ್ ಉಳಿದುಬಂದಿದೆ.

ಇಲ್ಲಿಯೂ ಮಿತಿಯುಂಟು. ದಿನವೂ ಮೋಟಾರುಗಳು ಓಡಾಡಿದರೆ, ಅಥವಾ ಒಂದೇ ಕಡೆಯಲ್ಲಿ ದನಗಳ ಮಂದೆಯನ್ನು ಕಟ್ಟಿ ಮೇವು ಹಾಕಿದರೆ, ಸಸ್ಯವು ಅರೆದುಹೋಗುವುದು. ಎಷ್ಟು ತುಳಿತವು ಹಿತ, ಎಷ್ಟು ತುಳಿತವು ಅಹಿತ ಎಂಬುದನ್ನು ನಿಯಮದ ಪುಸ್ತಕದಿಂದ ತಿಳಿಯಲಾಗದು. ವರ್ಷವರ್ಷವೂ ಮಂಡಿಯೂರಿ ಎಣಿಸಿ ನೋಡಿಯೇ ತಿಳಿಯಬೇಕು.

ಈಗ ನಡೆಯುತ್ತಿರುವ ರಕ್ಷಣೆಯ ಕ್ರಮವು ಹೀಗಿದೆ. ಮೊಲಗಳ ಕೆಲಸವನ್ನು ಮಾಡುವುದಕ್ಕಾಗಿ ತಟ್ಟುಗಳನ್ನೂ ದನಗಳನ್ನೂ ದಿಬ್ಬಗಳ ಮೇಲೆ ಮೇಯಲು ಬಿಡುತ್ತಾರೆ. ನ್ಯೂಬರೊವಿನಲ್ಲಿ ವೇಲ್ಸಿನ ಬೆಟ್ಟಸೀಮೆಯ ತಟ್ಟುಗಳು ಮೇಯುತ್ತಿವೆ. ಪೊದೆಗಳನ್ನು ಕಡಿದು ಬೇರುಸಹಿತ ತೆಗೆಯುತ್ತಾರೆ. ಹುಲ್ಲು ದಟ್ಟವಾದ ತಗ್ಗುಗಳಲ್ಲಿ ಮೇಲಿನ ಹ್ಯಾಪನ್ನು ಯಂತ್ರಗಳಿಂದ ಕೆತ್ತಿ ತೇವವಾದ ಮರಳನ್ನು ತೆರೆಯುತ್ತಾರೆ. ವೇಲ್ಸ್ ಸರ್ಕಾರದ ನಿಸರ್ಗ ಸಂಪನ್ಮೂಲ ಸಂಸ್ಥೆಯವರು 2018ರಲ್ಲಿ ‘ಸ್ಯಾಂಡ್ಸ್ ಆಫ್ ಲೈಫ್’ ಎಂಬ ದೊಡ್ಡ ಕಾರ್ಯವನ್ನು ಆರಂಭಿಸಿ, ನ್ಯೂಬರೊ, ಕೆನ್‌ಫಿಗ್ ಮೊದಲಾದ ಕಡೆಗಳಲ್ಲಿ ಕಡಲಿಗೆ ಅಭಿಮುಖವಾದ ದಿಬ್ಬಗಳಲ್ಲಿ ಕಂಡಿಗಳನ್ನು ಕೊರೆಸಿದರು. ಗಾಳಿಯು ಆ ಕಂಡಿಗಳ ಮೂಲಕ ನುಗ್ಗಿ ಮತ್ತೆ ಮರಳನ್ನು ನಡೆಸಲೆಂಬುದೇ ಉದ್ದೇಶ. ಮುತ್ತಜ್ಜಂದಿರು ಯಾವ ಮರಳನ್ನು ನಿಲ್ಲಿಸಲು ದುಡಿದರೋ ಅದನ್ನು ಚಲಿಸುವಂತೆ ಮಾಡಲು ಮರಿಮಕ್ಕಳು ದುಡಿಯಬೇಕಾಯಿತು. ಊರನ್ನೂ ಹೊಲವನ್ನೂ ಮರಳು ಮುಚ್ಚದಂತೆ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕವು ಈ ಕೆಲಸದ ಜೀವಾಳ.

ನಮ್ಮ ದೇಶದ ಬಂಧುಗಳು

ಪೆಟಲ್‌ವರ್ಟಿನ ಹತ್ತಿರದ ನೆಂಟನೊಬ್ಬನು ನಮ್ಮ ಭಾರತದಲ್ಲಿಯೇ ಇರುವನೆಂಬುದು ಸಂತೋಷದ ಸಂಗತಿ. ಅದೇ ಕುಟುಂಬಕ್ಕೆ ಸೇರಿದ ಸೀವರ್ಡಿಯೆಲ್ಲ ಟ್ಯೂಬರಿಫೆರ ಎಂಬ ಲಿವರ್‌ವರ್ಟ್ ಪಶ್ಚಿಮ ಹಿಮಾಲಯದಲ್ಲಿ ಮಾತ್ರ ಬೆಳೆಯುತ್ತದೆ. ಅದೂ ಗೆಡ್ಡೆಯನ್ನು ನೆಲದೊಳಗೆ ಉಳಿಸಿ ಒಣಗಾಲವನ್ನು ಕಳೆಯುವುದು. 1915ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದವರು ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಶಿವ ರಾಮ್ ಕಶ್ಯಪರು (1882–1934). ಕೇಂಬ್ರಿಜಿನಲ್ಲಿ ಓದಿ ಬಂದ ಅವರು ಅಲ್ಲಿನ ಸಸ್ಯಶಾಸ್ತ್ರಜ್ಞರಾದ ಸೀವರ್ಡರ ಹೆಸರನ್ನು ಅದಕ್ಕೆ ಇಟ್ಟರು. ಪಶ್ಚಿಮ ಹಿಮಾಲಯದ ಲಿವರ್‌ವರ್ಟುಗಳನ್ನು ಕುರಿತು 1929ರಲ್ಲಿ ಅವರ ಗ್ರಂಥದ ಮೊದಲ ಭಾಗವು ಹೊರಬಂದಿತು; ಭಾರತದಲ್ಲಿ ಈ ಶಾಸ್ತ್ರದ ಪಿತಾಮಹರೆಂದು ಅವರನ್ನು ಗೌರವಿಸುತ್ತಾರೆ. ಪ್ರಪಂಚದ ಪಾಚಿಸಸ್ಯಗಳನ್ನು ಕುರಿತ 2000ದ ಕೆಂಪುಪಟ್ಟಿಯಲ್ಲಿ ಸೀವರ್ಡಿಯೆಲ್ಲವನ್ನು ಅಪಾಯಕ್ಕೆ ಈಡಾಗತಕ್ಕ ವರ್ಗದಲ್ಲಿ ಸೇರಿಸಿದ್ದಾರೆ.

ನಮ್ಮ ಪಶ್ಚಿಮ ಘಟ್ಟಗಳ ದರೆಗಳಲ್ಲಿಯೂ ತೊರೆಗಳ ಬಂಡೆಗಳಲ್ಲಿಯೂ ಅನೇಕ ಬಗೆಯ ಲಿವರ್‌ವರ್ಟುಗಳುಂಟು. ಸೈಯಾಥೋಡಿಯಮ್ ಎಂಬುದು ಮಳೆಗಾಲದಲ್ಲಿ ಕತ್ತಲೆಯ ಬಿಲಗಳಲ್ಲಿಯೂ ಗೋಡೆಯ ಸಂದುಗಳಲ್ಲಿಯೂ ಬೆಳೆದು, ಬಿದ್ದ ಅಲ್ಪ ಬೆಳಕಿನಲ್ಲಿಯೇ ಹೊನ್ನಿನ ಹೊಳಪನ್ನು ತೋರುವುದು. ಮಳೆಗಾಲದಲ್ಲಿ ಘಟ್ಟದ ಕಡೆಗೆ ಪಯಣಮಾಡುವ ನಮ್ಮ ಸೋದರಿಯರು ಒಂದು ಭೂತಗನ್ನಡಿಯನ್ನು ಜೊತೆಯಲ್ಲಿ ಇಟ್ಟುಕೊಂಡು ಮಕ್ಕಳಿಗೆ ಇವುಗಳನ್ನು ತೋರಿಸಬೇಕೆಂದು ಕೋರುತ್ತೇವೆ. ಕಿತ್ತು ತರುವುದು ಬೇಡ. ನೋಡಿ, ಚಿತ್ರ ಬರೆದುಕೊಂಡು, ಸ್ಥಳವನ್ನೂ ತಿಂಗಳನ್ನೂ ಗುರುತುಮಾಡಿಕೊಂಡರೆ ಸಾಕು. ಮನೆಯ ಮೆಟ್ಟಲುಗಳ ಪಾಚಿಯನ್ನು ಅವಶ್ಯವಾಗಿ ಕೆರೆದು ತೆಗೆಯಿರಿ, ಮುದುಕರು ಜಾರಬಾರದು. ಹಿತ್ತಲ ಗೋಡೆಯ ಬುಡವನ್ನು ಮಾತ್ರ ಅದಕ್ಕೆ ಬಿಟ್ಟುಕೊಡಿರಿ.

ಪೋಷಕರಿಗೆ ಒಂದು ಮಾತನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಹೆಣ್ಣುಮಕ್ಕಳನ್ನು ನಮ್ಮ ಶಾಲೆಗೆ ಒಪ್ಪಿಸುವಾಗ ಅನೇಕರು, ಅವರನ್ನು ಜೋಪಾನವಾಗಿ ನೋಡಿಕೊಳ್ಳಿರಿ ಎಂದು ಕೇಳುವರು. ಆ ಕೋರಿಕೆಯು ನ್ಯಾಯವಾದದ್ದು, ಅದನ್ನು ನಾವು ಭಯಭಕ್ತಿಯಿಂದ ಸ್ವೀಕರಿಸುತ್ತೇವೆ. ಆದರೆ ಜೋಪಾನವೆಂದರೆ ಬೇಲಿಯೊಂದೇ ಅಲ್ಲ. ಓದಿನ ಕಷ್ಟ, ಆಟದ ಸೋಲು, ದೂರದ ಊರಿನ ಕೆಲಸ, ತನ್ನ ಮಾತನ್ನು ತಾನೇ ಸಭೆಯಲ್ಲಿ ಆಡಬೇಕಾದ ಸಂದರ್ಭ, ಇವೆಲ್ಲವೂ ಮಿತಿಯಲ್ಲಿ ಬಂದರೆ ಬೆಳೆಯುವ ಜೀವಕ್ಕೆ ಹಿತವೇ. ಮಿತಿಮೀರಿದ ತುಳಿತದಿಂದ ಕಾಪಾಡುವುದು ಹಿರಿಯರ ಕರ್ತವ್ಯ. ತೆರೆದ ನೆಲವನ್ನೂ ಬೆಳಕನ್ನೂ ಉಳಿಸಿಕೊಡುವುದೂ ಅವರ ಕರ್ತವ್ಯವೇ. ಯಾವ ಮಗುವಿಗೆ ಎಷ್ಟು ಬೇಕೆಂಬುದನ್ನು, ಆ ದಿಬ್ಬಗಳ ಕಾವಲುಗಾರರು ಮಾಡುವಂತೆ, ಹತ್ತಿರ ಹೋಗಿ ವರ್ಷವರ್ಷವೂ ನೋಡುತ್ತಲೇ ತಿಳಿಯಬೇಕು. ಆ ಕೆಲಸದಲ್ಲಿ ಮನೆಯೂ ಶಾಲೆಯೂ ಒಂದಾಗಿರುವಂತೆ ದೇವರು ಅನುಗ್ರಹಿಸಲಿ.